ಕಪ್ಪನ್ನು ಹುಡುಕುವ ಬೆಳಕು

ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ನನಗೆ ಮಕ್ಕಳು ಇಟ್ಟ ಅಡ್ಡಹೆಸರು ‘ಮೀಸೆ ಮಿಸ್ಸು’. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಕರಿಹಲಗೆಯ ಮೂಲೆಯಲ್ಲಿ ಯಾರೋ ಸೀಮೆಸುಣ್ಣದಲ್ಲಿ ಬರೆದಿದ್ದರು. ಅದನ್ನು ಅಳಿಸಿ, ಏನೂ ಆಗದವಳಂತೆ ಪಾಣಿಪತ್ ಕದನದ ಪಾಠ ಶುರು ಮಾಡಿದೆ. ಆ ದಿನ ಪಾಠ ಹೇಗೆ ಮಾಡಿದೆನೋ ದೇವರಿಗೇ ಗೊತ್ತು. ಸಂಜೆ ಮನೆಗೆ ಬಂದು ಬಚ್ಚಲ ಕನ್ನಡಿಯ ಮುಂದೆ ನಿಂತು ಅತ್ತಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ನಮ್ಮಮ್ಮನಿಗೆ ಇದಕ್ಕೆಲ್ಲ ಒಂದೇ ಮದ್ದು ಗೊತ್ತಿತ್ತು: ಕಡಲೆಹಿಟ್ಟು, ಅರಿಸಿನ, ಹಾಲಿನ ಕೆನೆ. ಎಳೆಗೂಸಿಗೆ ಎಣ್ಣೆ ಹಚ್ಚಿ ಹಿಟ್ಟಿನ ಉಂಡೆಯನ್ನು ಬೆನ್ನ ಮೇಲೆ, ಹಣೆಯ ಮೇಲೆ ಉರುಳಿಸುತ್ತಿದ್ದ ಕೈಯೇ ಮುಂದೆ ನನ್ನ ಮೇಲ್ತುಟಿಯನ್ನೂ ತಿಕ್ಕಿತು. ಕೂದಲು ಹೋಗಲಿಲ್ಲ, ಚರ್ಮ ಕೆಂಪಾಯಿತು. ಆಮೇಲೆ ನಮ್ಮ ಊರಿಗೂ ಬ್ಯೂಟಿ ಪಾರ್ಲರ್ ಬಂತು. ಹಲ್ಲಿನಲ್ಲಿ ದಾರ ಕಚ್ಚಿ ಹಿಡಿದು ‘ಚುರ್’ ಎನ್ನಿಸಿ ಕೂದಲು ಕೀಳುವ ಹುಡುಗಿಯ ಎದುರು ಹದಿನೈದು ದಿನಕ್ಕೊಮ್ಮೆ ಕಣ್ಣಲ್ಲಿ ನೀರು ತುಂಬಿಕೊಂಡು ಕೂತೆ. ನಿಮ್ಮಲ್ಲಿ ಎಷ್ಟೋ ಜನ ಹಾಗೆ ಕೂತಿದ್ದೀರಿ, ಆದ್ದರಿಂದ ಹೆಚ್ಚು ಹೇಳಬೇಕಿಲ್ಲ.

ಇಷ್ಟನ್ನೂ ಹೇಳಿದ್ದು ಒಂದು ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ. ನನ್ನ ತಂಗಿಯ ಮಗಳು ಡಿಗ್ರಿ ಮುಗಿಸಿದಾಗ ಏನು ಉಡುಗೊರೆ ಬೇಕು ಎಂದು ಕೇಳಿದೆ. ಅವಳದೂ ನನ್ನದೇ ಮೈಬಣ್ಣ, ನನ್ನದೇ ಗದ್ದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ದೊಡ್ಡಮ್ಮ, ಲೇಸರ್ ಮಾಡಿಸ್ಕೊಡ್ತೀಯಾ?” ಎಂದಳು. ನನಗೆ ಕರಿಹಲಗೆಯ ಮೂಲೆ ನೆನಪಾಯಿತು. ಒಂದು ಮಾತೂ ಕೇಳದೆ ದುಡ್ಡು ಕೊಟ್ಟೆ. ಇದು 2022ರ ಏಪ್ರಿಲ್.

ಅವಳು ಹೋದದ್ದು ಪಕ್ಕದ ದೊಡ್ಡ ಊರಿನ ಒಂದು ಪಾರ್ಲರಿಗೆ. ಆರು ಸಿಟ್ಟಿಂಗಿಗೆ ಮೊದಲೇ ಹಣ ಕಟ್ಟಿದರೆ ರಿಯಾಯಿತಿ ಇತ್ತಂತೆ. ಕೈಯಲ್ಲಿ ಯಂತ್ರ ಹಿಡಿದ ಹುಡುಗಿ, “ಸ್ವಲ್ಪ ಚುರುಗುಟ್ಟತ್ತೆ, ಅಷ್ಟೆ” ಎಂದಳಂತೆ. ತಿಂಗಳಿಡೀ ಬೇಸಿಗೆಯ ಬಿಸಿಲಲ್ಲಿ ಸ್ಕೂಟರ್ ಓಡಿಸಿ ಇವಳ ಮುಖ ಕಂದಿತ್ತು. ಅದನ್ನು ಯಾರೂ ಕೇಳಲಿಲ್ಲ. ಎರಡನೆಯ ಸಿಟ್ಟಿಂಗಿನ ಮರುದಿನ ಕೆನ್ನೆಯ ಕೆಳಗೆ ಬೊಬ್ಬೆ ಎದ್ದವು. ವಾರ ಕಳೆಯುವುದರೊಳಗೆ ಅವು ಒಣಗಿ, ಯಂತ್ರದ ಮೂತಿಯ ಅಳತೆಯ ಕಂದು ಚೌಕಗಳು ಗದ್ದದಿಂದ ಕಿವಿಯವರೆಗೆ ಸಾಲಾಗಿ ಉಳಿದವು. ಗ್ರಾಫ್ ಹಾಳೆಯಲ್ಲಿ ಮನೆ ತುಂಬಿದ ಹಾಗೆ. ಅವಳು ದುಪಟ್ಟಾ ಸುತ್ತಿಕೊಂಡು ನಮ್ಮ ಮನೆಗೆ ಬಂದು, “ನಡುಮನೆ ಕನ್ನಡಿ ತೆಗ್ದಿಡು ದೊಡ್ಡಮ್ಮ” ಎಂದಳು. ತೆಗೆದಿಟ್ಟೆ. ನನ್ನ ಮುಖವನ್ನೂ ನೋಡಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ದೀಪ ಹಿಡಿದು ನೋಡಿ ಮೊದಲು ಕೇಳಿದ್ದು, “ಯಾವ ಯಂತ್ರ, ಯಾವ ತರಂಗದೂರ?” ಎಂದು. ನಮ್ಮ ಹತ್ತಿರ ಇದ್ದದ್ದು ‘ಫುಲ್ ಫೇಸ್’ ಎಂದು ಬರೆದ ರಸೀದಿ ಮಾತ್ರ. ಡಾಕ್ಟರು ಬೇಸರ ಮಾಡಿಕೊಳ್ಳದೆ ನನ್ನ ಕಡೆ ತಿರುಗಿ, “ಮೇಡಂ, ನೀವು ಟೀಚರ್ ಅಲ್ವಾ? ಬಿಸಿಲಿಗೆ ಬಿಳಿ ಬಟ್ಟೆ, ಕರಿ ಬಟ್ಟೆ ಎರಡನ್ನೂ ಹರವಿದರೆ ಯಾವುದು ಬೇಗ ಕಾಯುತ್ತೆ?” ಎಂದರು. ಎಂಟನೆಯ ಕ್ಲಾಸಿನ ಮಗುವಿಗೂ ಗೊತ್ತಿರುವ ಉತ್ತರ. “ಆ ಯಂತ್ರಕ್ಕೆ ಕೂದಲು ಅಂದರೆ ಏನು ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಕಪ್ಪು ಮಾತ್ರ” ಎಂದರು.

ಅವರು ವಿವರಿಸಿದ್ದನ್ನು ಇಲ್ಲಿ ಬರೆಯುತ್ತೇನೆ. ನಮ್ಮ ಕೂದಲಿಗೂ ಚರ್ಮಕ್ಕೂ ಬಣ್ಣ ಕೊಡುವುದು ಒಂದೇ ವಸ್ತು, ಮೆಲನಿನ್. ಲೇಸರಿನ ಬೆಳಕನ್ನು ಕೂದಲ ಬುಡದ ಮೆಲನಿನ್ ಹೀರಿಕೊಂಡು ಕಾಯುತ್ತದೆ. ಆ ಕಾವಿಗೆ ಕೂದಲು ಹುಟ್ಟಿಸುವ ಬುಡ ಸೊರಗುತ್ತದೆ. ಆದರೆ ಬೆಳಕು ಬುಡವನ್ನು ಮುಟ್ಟಬೇಕಾದರೆ ಚರ್ಮದ ಮೇಲ್ಪದರವನ್ನು ದಾಟಿ ಹೋಗಬೇಕು. ಬಿಳಿಯ ಚರ್ಮದಲ್ಲಿ ದಾರಿ ಖಾಲಿ. ನಮ್ಮಂಥ ಚರ್ಮದಲ್ಲಿ ದಾರಿಯಲ್ಲೇ ಮೆಲನಿನ್ ತುಂಬಿದೆ. ಕೂದಲಿಗೆ ಸೇರಬೇಕಾದ ಕಾವನ್ನು ಅದು ಮೊದಲೇ ಕುಡಿದುಬಿಡುತ್ತದೆ. ಚರ್ಮ ಸುಡುವುದು ಹೀಗೆ. ಸುಟ್ಟ ಮೇಲೂ ನಮ್ಮ ಚರ್ಮ ಸುಮ್ಮನಿರುವುದಿಲ್ಲ. ಗಾಯವಾದಲ್ಲೆಲ್ಲ ಇನ್ನಷ್ಟು ಬಣ್ಣ ಸುರಿಯುತ್ತದೆ. ಸೊಳ್ಳೆ ಕಚ್ಚಿದ ಕಲೆಯೂ ತಿಂಗಳುಗಟ್ಟಲೆ ಉಳಿಯುವುದು ಅದಕ್ಕೇ. ಕೆಲವು ಕಡೆ ಬಣ್ಣ ಮಾಡುವ ಜೀವಕೋಶವೇ ಪೆಟ್ಟು ತಿಂದು ಬಿಳಿಚಿದ ಮಚ್ಚೆ ಉಳಿಯುವುದೂ ಉಂಟು.

ಮನೆಗೆ ಬಂದ ಮೇಲೆ ಅವಳು ಒಂದು ಪ್ರಶ್ನೆ ಕೇಳಿದಳು. “ದೊಡ್ಡಮ್ಮ, ಈ ಮೆಷಿನ್ ಮಾಡಿದವರು ನಮ್ಮಂಥವರನ್ನ ನೋಡೇ ಇರಲಿಲ್ವಾ?” ಇತಿಹಾಸ ಹೇಳುವವಳು ಎಂಬ ಹೆಮ್ಮೆಗಾದರೂ ಉತ್ತರ ಹುಡುಕಬೇಕಾಯಿತು. ಆ ಬೇಸಿಗೆ ರಜವೆಲ್ಲ ಅದರಲ್ಲೇ ಕಳೆಯಿತು.

ಮೈಕೂದಲನ್ನು ಯಂತ್ರದಿಂದ ತೆಗೆಯುವ ಕಥೆ ಒಬ್ಬ ಕಣ್ಣಿನ ಡಾಕ್ಟರಿಂದ ಶುರುವಾಗುತ್ತದೆ. ಅಮೆರಿಕದ ಸೇಂಟ್ ಲೂಯಿ ನಗರದ ಚಾರ್ಲ್ಸ್ ಮಿಷೆಲ್ ಎಂಬವರು 1875ರಲ್ಲಿ, ಒಳಕ್ಕೆ ಬೆಳೆದು ಕಣ್ಣಿಗೆ ಚುಚ್ಚುವ ರೆಪ್ಪೆಕೂದಲನ್ನು ತೆಗೆಯಲು ಸಣ್ಣ ಸೂಜಿಯ ಮೂಲಕ ವಿದ್ಯುತ್ ಹರಿಸಿದ ವಿಧಾನವನ್ನು ಪ್ರಕಟಿಸಿದರು. ಒಂದೊಂದೇ ಕೂದಲಿಗೆ ಒಂದೊಂದು ಸಲ ಸೂಜಿ. ತಾಳ್ಮೆಯ ಕೆಲಸ, ನೋವಿನ ಕೆಲಸ. ಆದರೆ ಆ ಸೂಜಿಗೆ ಕೂದಲು ಕಪ್ಪೋ ಬಿಳುಪೋ, ಚರ್ಮ ಯಾವ ಬಣ್ಣದ್ದೋ ಬೇಕಿರಲಿಲ್ಲ. ಎಲೆಕ್ಟ್ರಾಲಿಸಿಸ್ ಎಂಬ ಹೆಸರಿನಲ್ಲಿ ಅದು ಇಂದಿಗೂ ನಡೆದುಕೊಂಡು ಬಂದಿದೆ.

ಜನಕ್ಕೆ ಅಷ್ಟು ತಾಳ್ಮೆ ಇರಬೇಕಲ್ಲ. 1895ರ ಕೊನೆಗೆ ಜರ್ಮನಿಯಲ್ಲಿ ರಂಟ್‌ಗನ್ ಕ್ಷಕಿರಣ ಕಂಡುಹಿಡಿದರು. ಮರುವರ್ಷವೇ ಆ ಕಿರಣ ಬಿದ್ದಲ್ಲಿ ಕೂದಲು ಉದುರುವುದು ಗೊತ್ತಾಯಿತು. ವಿಯೆನ್ನಾದ ವೈದ್ಯ ಲಿಯೊಪೋಲ್ಡ್ ಫ್ರಾಯಿಂಡ್ 1896ರಲ್ಲಿ ಒಬ್ಬ ಪುಟ್ಟ ಹುಡುಗಿಯ ಬೆನ್ನಿನ ಮೇಲಿದ್ದ ಕೂದಲು ತುಂಬಿದ ಮಚ್ಚೆಗೆ ಕ್ಷಕಿರಣ ಹಾಯಿಸಿದರು. ಕೂದಲು ಉದುರಿತು. ಹಿಂದೆಯೇ ವಾಸಿಯಾಗಲೊಲ್ಲದ ಹುಣ್ಣೂ ಬಂತು. ಎಚ್ಚರಿಕೆಗೆ ಅಷ್ಟು ಸಾಕಿತ್ತು ಎಂದು ನಮಗೆ ಅನ್ನಿಸುತ್ತದೆ. ಆದರೆ 1920ರ ದಶಕದಲ್ಲಿ ನ್ಯೂಯಾರ್ಕಿನ ಡಾಕ್ಟರ್ ಆಲ್ಬರ್ಟ್ ಗೈಸರ್ ‘ಟ್ರೈಕೊ’ ಎಂಬ ಕ್ಷಕಿರಣ ಯಂತ್ರವನ್ನೇ ಮಾರುಕಟ್ಟೆಗೆ ತಂದರು. ಅಮೆರಿಕದ ಊರೂರಿನ ಬ್ಯೂಟಿ ಪಾರ್ಲರುಗಳಲ್ಲಿ ಅದು ಕೂತಿತು. ಎರಡು ವಾರದ ತರಬೇತಿ ಪಡೆದವರು ಅದನ್ನು ನಡೆಸಿದರು. ನೋವಿಲ್ಲ, ವಾಸನೆಯಿಲ್ಲ, ಗುಂಡಿ ಒತ್ತಿದರೆ ಸಾಕು. ಮುಖ ನುಣುಪಾದ ಹೆಂಗಸರು ಸಂತೋಷದಿಂದ ಮನೆಗೆ ಹೋದರು. ವರ್ಷಗಳು ಕಳೆದ ಮೇಲೆ ಅದೇ ಗದ್ದ, ಅದೇ ಕೆನ್ನೆಯ ಚರ್ಮ ಸುಕ್ಕಾಗಿ, ಬಿಳಿಚಿ, ಹುಣ್ಣಾಯಿತು. ಕೆಲವರಿಗೆ ಕ್ಯಾನ್ಸರ್ ಬಂತು. 1930ರ ಹೊತ್ತಿಗೆ ಆ ಕಂಪನಿ ಮುಚ್ಚಿಹೋಯಿತು. ಆದರೂ ಕದ್ದುಮುಚ್ಚಿ ಕ್ಷಕಿರಣದಿಂದ ಕೂದಲು ತೆಗೆಯುವುದು ನಿಲ್ಲಲಿಲ್ಲ. ಅದು ಅಪಾಯಕಾರಿ ಎಂದು ಅಮೆರಿಕದ ವೈದ್ಯಸಂಘದ ಪತ್ರಿಕೆ 1947ರಲ್ಲಿ ಮತ್ತೆ ಬರೆಯಬೇಕಾಯಿತು.

ಅದೇ ಕಾಲದಲ್ಲಿ ‘ಕೊರೆಮ್ಲು’ ಎಂಬ ಮುಲಾಮೂ ಬಂದಿತ್ತು. ಅದರಲ್ಲಿದ್ದದ್ದು ಥ್ಯಾಲಿಯಂ, ಇಲಿ ಪಾಷಾಣಕ್ಕೆ ಬಳಸುವ ವಿಷ. ಮೇಲ್ತುಟಿಗೆ ಹಚ್ಚಿಕೊಂಡವರ ತಲೆಗೂದಲೇ ಉದುರಿತು. ಕಾಲಿನ ಸ್ವಾಧೀನ, ಕಣ್ಣಿನ ದೃಷ್ಟಿ ಕಳೆದುಕೊಂಡವರೂ ಇದ್ದರು. ಸೌಂದರ್ಯ ಸಾಧನಗಳನ್ನೂ ಕಾನೂನಿನ ಅಂಕೆಗೆ ತಂದ 1938ರ ಅಮೆರಿಕದ ಕಾಯಿದೆಯ ಹಿಂದೆ ಇಂಥ ಹೆಂಗಸರ ಕಣ್ಣೀರಿದೆ. ನಾವೇನು ಕಡಿಮೆಯವರಲ್ಲ ಎನ್ನಿ. ಹರಿತಾಳ ಮತ್ತು ಶಂಖದ ಸುಣ್ಣ ಕಲಸಿ ಕೂದಲು ತೆಗೆಯುವ ಲೇಪ ನಮ್ಮ ಹಳೆಯ ವೈದ್ಯ ಗ್ರಂಥಗಳಲ್ಲೇ ಇದೆ. ಹರಿತಾಳವೆಂದರೆ ಆರ್ಸೆನಿಕ್ ಸೇರಿದ ಖನಿಜ.

ಇನ್ನು ಲೇಸರಿಗೆ ಬರೋಣ. 1960ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಥಿಯೊಡೋರ್ ಮೈಮನ್ ಎಂಬ ವಿಜ್ಞಾನಿ ಕೆಂಪು ರೂಬಿ ಹರಳಿನಿಂದ ಮೊದಲ ಲೇಸರ್ ಬೆಳಕನ್ನು ಹೊಮ್ಮಿಸಿದರು. ಮೂರೇ ವರ್ಷದಲ್ಲಿ ಸಿನ್ಸಿನಾಟಿಯ ಚರ್ಮವೈದ್ಯ ಲಿಯೊನ್ ಗೋಲ್ಡ್‌ಮನ್ ಮತ್ತು ಅವರ ಜೊತೆಗಾರರು ಅದನ್ನು ಚರ್ಮದ ಮೇಲೆ ಹಾಯಿಸಿ ಏನಾಗುತ್ತದೆಂದು ಬರೆದರು. ಬೆಳಕು ಕಪ್ಪಾದದ್ದನ್ನು, ಕಪ್ಪು ಕೂದಲನ್ನು, ಹೆಚ್ಚಾಗಿ ಘಾಸಿ ಮಾಡುತ್ತದೆ ಎಂಬುದು 1963ರಲ್ಲೇ ಅವರಿಗೆ ಕಂಡಿತ್ತು. ನನ್ನ ಹುಡುಗಿಯ ಕೆನ್ನೆಯ ಮೇಲೆ ಬರೆದದ್ದು ನಾನು ಹುಟ್ಟುವ ಮೊದಲೇ ಗೊತ್ತಿದ್ದ ಸತ್ಯ.

1983ರಲ್ಲಿ ಬಾಸ್ಟನ್ನಿನ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಈ ಗುಣವನ್ನೇ ಒಂದು ಸಿದ್ಧಾಂತವಾಗಿ ಮಾಡಿದರು. ಸರಿಯಾದ ಬಣ್ಣದ ಬೆಳಕು, ಸರಿಯಾದಷ್ಟು ಚಿಕ್ಕ ಹೊತ್ತು ಬಿದ್ದರೆ, ಬೇಕಾದ ಗುರಿ ಮಾತ್ರ ಕಾದು ಸುತ್ತಲಿನ ಭಾಗ ಉಳಿಯುತ್ತದೆ ಎಂದು. ಬಹಳ ದೊಡ್ಡ ಮಾತು ಅದು. ಹುಟ್ಟುಮಚ್ಚೆಗಳ ಚಿಕಿತ್ಸೆಗೆ ಅದರಿಂದ ಆದ ಉಪಕಾರ ಸಣ್ಣದಲ್ಲ. ಕೂದಲು ತೆಗೆಯುವ ಮೊದಲ ಲೇಸರಿಗೆ 1995ರಲ್ಲಿ ಅಮೆರಿಕದ ಸರ್ಕಾರದ ಸಮ್ಮತಿ ಸಿಕ್ಕಿತು. 1996ರಲ್ಲಿ ಬಾಸ್ಟನ್ನಿನಲ್ಲೇ ಕಂದು ಅಥವಾ ಕಪ್ಪು ಕೂದಲಿನ 13 ಜನರ ಮೇಲೆ ರೂಬಿ ಲೇಸರ್ ಹಾಯಿಸಿ ನೋಡಿದ ವರದಿ ಬಂತು. ಬೆಳ್ಳನೆಯ ಚರ್ಮ, ಕರಿಯ ಕೂದಲು ಇದ್ದವರೇ ಇದಕ್ಕೆ ಹೇಳಿಮಾಡಿಸಿದವರು ಎಂಬ ಮಾತು ಆಗ ಬಳಕೆಗೆ ಬಂತು. ಯಂತ್ರದ ಕಣ್ಣಿಗೆ ಅಂಥವರಲ್ಲಿ ಗುರಿಯೊಂದೇ ಕಪ್ಪು, ಉಳಿದದ್ದೆಲ್ಲ ಬಿಳುಪು.

ಚರ್ಮವನ್ನು ಅಳೆಯುವ ಕೋಲಿಗೂ ಇಂಥದೇ ಚರಿತ್ರೆಯಿದೆ. ಲೇಸರ್ ಮಾಡುವವರು ರೋಗಿಯ ಚರ್ಮ ಒಂದರಿಂದ ಆರರವರೆಗೆ ಯಾವ ಬಗೆಯದೆಂದು ಮೊದಲು ನೋಡಬೇಕು. ಹಾರ್ವರ್ಡಿನ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ಮಾಡಿದ ವಿಂಗಡಣೆ ಇದು. ಸೋರಿಯಾಸಿಸ್ ರೋಗಿಗಳಿಗೆ ಎಷ್ಟು ನೇರಳಾತೀತ ಕಿರಣ ಕೊಡಬಹುದೆಂದು ತಿಳಿಯಲು, ಬಿಸಿಲಿಗೆ ಚರ್ಮ ಕೆಂಪಾಗುತ್ತದೆಯೋ ಕಂದುತ್ತದೆಯೋ ಎಂದು ಕೇಳಿ ಮಾಡಿದ್ದು. ಮೊದಲು ಅದರಲ್ಲಿ ನಾಲ್ಕೇ ಬಗೆ ಇದ್ದವು, ನಾಲ್ಕೂ ಬಿಳಿಯರವು. ಕಂದು ಚರ್ಮಕ್ಕೆ ಐದನೆಯ, ಕಪ್ಪು ಚರ್ಮಕ್ಕೆ ಆರನೆಯ ಮನೆಯನ್ನು ಆಮೇಲೆ ಸೇರಿಸಿದರು. ನಮ್ಮಲ್ಲಿ ಬಹಳ ಜನ ಬೀಳುವುದು ನಾಲ್ಕು, ಐದರಲ್ಲಿ. ‘ಫೇರ್ ಅಂಡ್ ಲವ್ಲಿ’ ಟ್ಯೂಬು ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದದ್ದೂ ಅದೇ 1975ರಲ್ಲಿ. 2020ರಲ್ಲಿ ಅದರ ಹೆಸರಿನಿಂದ ‘ಫೇರ್’ ಬಿದ್ದುಹೋಯಿತು. ನಮ್ಮ ಮನಸ್ಸಿನಿಂದ ಬಿದ್ದಿದೆಯೇ ಎಂದು ನನ್ನನ್ನು ಕೇಳಬೇಡಿ.

ಹಾಗಾದರೆ ನಮ್ಮಂಥವರಿಗೆ ಲೇಸರ್ ಕೂಡದೇ ಕೂಡದೆಂದೇ? ಹಾಗೆ ಹೇಳಿದರೆ ಸುಳ್ಳಾಗುತ್ತದೆ. ರೂಬಿಯ ಬೆಳಕಿನ ತರಂಗದೂರ 694 ನ್ಯಾನೊಮೀಟರ್. ಅಲೆಕ್ಸಾಂಡ್ರೈಟ್ ಎಂಬುದು 755, ಡಯೋಡ್ ಸುಮಾರು 810, ಎನ್‌ಡಿ ಯಾಗ್ ಎಂಬುದು 1064. ಈ ಸಂಖ್ಯೆ ದೊಡ್ಡದಾದಷ್ಟೂ ಮೆಲನಿನ್ ಆ ಬೆಳಕನ್ನು ಕಡಿಮೆ ಹೀರುತ್ತದೆ. ಬೆಳಕು ಮೇಲ್ಪದರವನ್ನು ಅಷ್ಟಾಗಿ ಕಾಯಿಸದೆ ಆಳಕ್ಕೆ ಇಳಿಯುತ್ತದೆ. ಅದಕ್ಕೇ ಕಪ್ಪು ಚರ್ಮಕ್ಕೆ 1064 ಹೆಚ್ಚು ಕ್ಷೇಮ. 2001ರಲ್ಲಿ ಅಮೆರಿಕದಲ್ಲಿ ನಾಲ್ಕರಿಂದ ಆರನೆಯ ಬಗೆಯ ಚರ್ಮದ 20 ಹೆಂಗಸರ ಮೇಲೆ ಅದನ್ನು ಬಳಸಿ ನೋಡಿದ ವರದಿ ಬಂತು. ಬೆಳಕು ಬೀಳುವ ಹೊತ್ತನ್ನು ತುಸು ಉದ್ದ ಮಾಡಿ, ಜೊತೆಗೇ ಚರ್ಮವನ್ನು ತಣ್ಣಗಿಟ್ಟರೆ ಸುಡುವ ಭಯ ಇನ್ನಷ್ಟು ಇಳಿಯುತ್ತದೆ. ಆದರೆ ಕೂದಲೂ ಈ ಬೆಳಕನ್ನು ಕಡಿಮೆಯೇ ಹೀರುವುದರಿಂದ ನೋವು ಹೆಚ್ಚು, ತೆಳ್ಳಗಿನ ಕೂದಲಿಗೆ ಫಲ ಕಡಿಮೆ. ಐಪಿಎಲ್ ಎಂಬ ಯಂತ್ರವನ್ನೂ ಎಷ್ಟೋ ಕಡೆ ಲೇಸರ್ ಎಂದೇ ಕರೆಯುತ್ತಾರೆ. ಅದು ಲೇಸರ್ ಅಲ್ಲ, ಹಲವು ಬಣ್ಣ ಬೆರೆತ ಬೆಳಕಿನ ಹೊಡೆತ. ಕಪ್ಪು ಚರ್ಮದ ಮೇಲೆ ಅದನ್ನು ಬಹಳ ನೋಡಿಕೊಂಡು ಬಳಸಬೇಕು.

ಸುಡದಿದ್ದರೂ ಇನ್ನೊಂದು ವಿಚಿತ್ರವಿದೆ. ಕೆಲವರಿಗೆ, ಅದರಲ್ಲೂ ಮುಖ ಮತ್ತು ಕತ್ತಿನ ಮೇಲೆ, ಲೇಸರ್ ಬಿದ್ದ ಜಾಗದ ಅಂಚಿನಲ್ಲಿ ಹೊಸ ಕೂದಲೇ ಹುಟ್ಟಿಕೊಳ್ಳುತ್ತದೆ. ಇದು ನಮ್ಮಂಥ ಮೈಬಣ್ಣದವರಲ್ಲಿ, ಹಾರ್ಮೋನಿನ ಏರುಪೇರು ಇರುವವರಲ್ಲಿ ಹೆಚ್ಚು ಕಂಡುಬಂದಿದೆ. ಡಾಕ್ಟರು ನನ್ನ ಹುಡುಗಿಯನ್ನು “ಮುಟ್ಟು ಸರಿಯಾಗಿ ಆಗುತ್ತಾ?” ಎಂದು ಕೇಳಿದ್ದು ಅದಕ್ಕೇ. ಅಂಡಾಶಯದ ತೊಂದರೆ, ನಿಂತುಹೋಗುವ ಮುಟ್ಟು, ಮುಖದ ಕೂದಲು ಇವುಗಳಿಗೆ ನಂಟಿದೆ ಎಂದು ಶಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಎಂಬ ವೈದ್ಯರು 1935ರಲ್ಲೇ ಬರೆದಿದ್ದರು. ಪಿಸಿಓಡಿ ಎಂದು ಇಂದು ಮನೆಮನೆಯಲ್ಲೂ ಕೇಳುವ ಮಾತಿನ ಮೂಲ ಅದು. ಒಳಗಿನ ಕಾರಣ ಹಾಗೇ ಇದ್ದರೆ ಹೊರಗೆ ಎಷ್ಟು ಸುಟ್ಟರೂ ಕೂದಲು ಮತ್ತೆ ಬರುತ್ತದೆ.

ನನ್ನ ನೋಟ್‌ಬುಕ್ಕಿನಲ್ಲಿ ಇದೆಲ್ಲ ತುಂಬಿದ ಮೇಲೆ ಅವಳಿಗೆ ಓದಿ ಹೇಳಿದೆ. ಕೇಳಿ, “ಅಂದ್ರೆ ನೋಡಿದ್ರು, ಆದ್ರೆ ಕೊನೇಲಿ ನೋಡಿದ್ರು” ಎಂದಳು. ಮೂವತ್ತು ವರ್ಷ ಇತಿಹಾಸ ಹೇಳಿದ ನಾನು ಇದನ್ನು ಇಷ್ಟು ಚಿಕ್ಕದಾಗಿ ಹೇಳಲಾರೆ.

ಆದರೆ ಒಂದು ಮಾತು ನನ್ನನ್ನು ಕೊರೆಯುತ್ತಲೇ ಇತ್ತು. ಯಂತ್ರ ಮಾಡಿದವರು ನಮ್ಮನ್ನು ಕೊನೆಯಲ್ಲಿ ನೋಡಿದ್ದು ನಿಜ. ಆದರೆ 2022ರಲ್ಲಿ ಎಲ್ಲವೂ ಗೊತ್ತಿತ್ತು, ಪುಸ್ತಕದಲ್ಲಿತ್ತು. ಗೊತ್ತಿಲ್ಲದವರ ಕೈಗೆ ಯಂತ್ರ ಕೊಟ್ಟದ್ದು ಒಂದು ತಪ್ಪು, ಕೇಳದೆ ದುಡ್ಡು ಕೊಟ್ಟದ್ದು ಇನ್ನೊಂದು. ಎರಡನೆಯದು ನನ್ನದು. ತರಕಾರಿ ಕೊಳ್ಳುವಾಗ ಬೆಂಡೆಕಾಯಿಯ ತುದಿ ಮುರಿದು ನೋಡುವವಳು ನಾನು. ಮಗಳ ಮುಖಕ್ಕೆ ಬೆಂಕಿ ಹಿಡಿಯುವವರನ್ನು ಒಂದು ಪ್ರಶ್ನೆಯೂ ಕೇಳಲಿಲ್ಲ. ಕೇಳಿದರೆ ನನ್ನ ಗದ್ದದ ಮಾತೂ ಬಂದೀತೆಂಬ ನಾಚಿಕೆ. ಟ್ರೈಕೊ ಯಂತ್ರದ ಮುಂದೆ ಕೂತ ಹೆಂಗಸರೂ ಹೀಗೇ ಮುಖ ಮುಚ್ಚಿಕೊಂಡು ಹೋಗಿ ಬಂದಿರಬೇಕು. ಪಾರ್ಲರ್ ನಡೆಸುವವರಿಗೆ ನಮ್ಮ ನಾಚಿಕೆಯಷ್ಟು ಅನುಕೂಲವಾದದ್ದು ಬೇರೆ ಇಲ್ಲ.

ಕಂದು ಚೌಕಗಳು ಮಾಸಲು ಹತ್ತು ತಿಂಗಳು ಹಿಡಿಯಿತು. ಡಾಕ್ಟರು ಕೊಟ್ಟ ಮುಲಾಮು, ಬಿಸಿಲಿಗೆ ಹಚ್ಚುವ ಸನ್‌ಸ್ಕ್ರೀನ್, ಬಹಳಷ್ಟು ಕಾಯುವಿಕೆ. ದವಡೆಯ ಹತ್ತಿರ ಅಕ್ಕಿಕಾಳಿನಷ್ಟು ಎರಡು ಬಿಳಿ ಮಚ್ಚೆ ಉಳಿದಿವೆ. ಇವು ಹೋಗುತ್ತವೆಂದು ಯಾರೂ ಮಾತು ಕೊಟ್ಟಿಲ್ಲ.

ಮರುವರ್ಷ ಅವಳು ಮತ್ತೆ ಲೇಸರ್ ಮಾಡಿಸುತ್ತೇನೆಂದಾಗ ನನ್ನ ತಂಗಿ ಹೌಹಾರಿದಳು. ನಾನು ಬೇಡವೆನ್ನಲಿಲ್ಲ, ಜೊತೆಗೆ ಬರುತ್ತೇನೆ ಎಂದೆ. ಈ ಸಲ ಡಾಕ್ಟರ ಬಳಿಯೇ ಹೋದೆವು. ಅವಳು ಒಂದು ಚೀಟಿ ತೆಗೆದು ಪರೀಕ್ಷೆಯ ಪ್ರಶ್ನೆಪತ್ರಿಕೆಯಂತೆ ಓದಿದಳು. ಯಂತ್ರ ಯಾವುದು, ತರಂಗದೂರ ಎಷ್ಟು? ನನ್ನ ಚರ್ಮ ಎಷ್ಟನೆಯ ಬಗೆ? ಯಂತ್ರ ಹಿಡಿಯುವವರು ಯಾರು, ಡಾಕ್ಟರು ಹತ್ತಿರ ಇರುತ್ತಾರೆಯೇ? ಮೊದಲು ಕಾಣದ ಕಡೆ ಚಿಕ್ಕ ಜಾಗದಲ್ಲಿ ಮಾಡಿ, ಕೆಲವು ದಿನ ಕಾದು ನೋಡುತ್ತೀರಾ? ಬಿಸಿಲಿಗೆ ಮುಖ ಕಂದಿದ್ದರೆ ಮುಂದಕ್ಕೆ ಹಾಕುತ್ತೀರಾ? ಕಣ್ಣಿಗೆ ಏನು ಕಟ್ಟುತ್ತೀರಿ? ಸುಟ್ಟರೆ ಮೊದಲು ಏನು ಮಾಡುತ್ತೀರಿ? ಡಾಕ್ಟರು ಒಂದೊಂದಕ್ಕೂ ಉತ್ತರ ಕೊಟ್ಟು, ಕೂದಲು ಪೂರ್ತಿ ಹೋಗುತ್ತದೆಂದು ಹೇಳುವುದಿಲ್ಲ, ಬಹುಕಾಲಕ್ಕೆ ಕಡಿಮೆಯಾಗುತ್ತದೆ ಅಷ್ಟೆ, ಎಂದರು. ಹಾಗೆ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು. ಕಿವಿಯ ಹಿಂದೆ ಒಂದು ರೂಪಾಯಿ ಬಿಲ್ಲೆಯಷ್ಟು ಜಾಗದಲ್ಲಿ ಪರೀಕ್ಷೆ ಮಾಡಿ ಎರಡು ವಾರ ಕಾದರು. ಕಲೆಯಾಗಲಿಲ್ಲ. ಆಮೇಲೆ ಮುಂದುವರಿದರು.

ಹೊರಟು ನಿಂತಾಗ ಅವಳು ನನ್ನನ್ನು ತೋರಿಸಿ, “ಇವರಿಗೂ ಮಾಡ್ಬಹುದಾ ಡಾಕ್ಟ್ರೇ?” ಎಂದು ತಮಾಷೆ ಮಾಡಿದಳು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ನನ್ನ ಗದ್ದ ನೋಡಿ ನಕ್ಕರು. ನನ್ನ ಕೂದಲು ಬೆಳ್ಳಗಾಗಿವೆ. ಬಿಳಿ ಕೂದಲಲ್ಲಿ ಮೆಲನಿನ್ ಇಲ್ಲ, ಲೇಸರಿಗೆ ಅದು ಕಾಣುವುದೇ ಇಲ್ಲ.

ಹತ್ತನೆಯ ಕ್ಲಾಸಿನ ಹುಡುಗಿಯರಿಗೆ ವರ್ಷದ ಕೊನೆಗೆ ಒಂದು ಪೀರಿಯಡ್ ಈ ಕಥೆ ಹೇಳುತ್ತೇನೆ. ಸಿಲೆಬಸ್ಸಿನಲ್ಲಿ ಇಲ್ಲದ್ದು. ಮೊದಲು ಕರಿಹಲಗೆಯ ಮೇಲೆ ‘ಮೀಸೆ ಮಿಸ್ಸು’ ಎಂದು ನಾನೇ ಬರೆಯುತ್ತೇನೆ. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ನಕ್ಕು ಮುಗಿದ ಮೇಲೆ, ಕೈ ಎತ್ತಿ ಪ್ರಶ್ನೆ ಕೇಳುತ್ತಾರೆ.